ಮೈದುನ ಮಾಡಿದ ವೈರಿಂಗ್, ನಿಮಗೆ ಬಾರದ ನಿದ್ದೆ

ಕಂಪ್ಲಿಯಿಂದ ಬರೆದಿರುವ ತಂಗಿಗೆ,

ಶ್ರಾವಣಕ್ಕೆ ಗೃಹಪ್ರವೇಶ ಇಟ್ಟುಕೊಂಡ ಮನೆಯಲ್ಲಿ ನೀವು ಭಯದಿಂದ ಓಡಾಡುತ್ತಿದ್ದೀರಿ. ಬಾಗಿಲ ಪಕ್ಕದ ಗೋಡೆಯಿಂದ ಬಂದ ಎರಡು ವೈರಿಗೆ ಮೈದುನ ದೀಪದ ವೈರು ತಿರುಚಿ, ಟೇಪು ಸುತ್ತಿ, ಹಿಂದಕ್ಕೆ ತುರುಕಿ ಸ್ಕ್ರೂ ಬಿಗಿದರು. ಒಳಗೆ ಜಂಕ್ಷನ್ ಬಾಕ್ಸೇ ಇಲ್ಲ. ಮಳೆ ಬಂದ ಸಂಜೆ ದೀಪದ ತಗಡು ಮುಟ್ಟಿದರೆ ಕೈ ಜುಮ್ಮೆಂದಿತು. ಮೈದುನ "ಏನೂ ಆಗಂಗಿಲ್ಲ ಬಿಡ್ರಿ ಅತ್ತಿಗೆ" ಎಂದರು. ಮನೆಯವರು "ನಿನಗೆ ಎಲ್ಲದಕ್ಕೂ ಹೆದರಿಕೆ" ಎಂದರು.

ಈ ಹೆದರಿಕೆಗೆ ಕಾರಣವಿದೆ. ಜುಮ್ಮೆಂದದ್ದು ಭ್ರಮೆ ಎಂದು ಯಾರೂ ನಿಮ್ಮನ್ನು ಒಪ್ಪಿಸಬೇಕಾಗಿಲ್ಲ. ಇವತ್ತೇ ಆ ದೀಪದ ಎಂಸಿಬಿ ಕೆಳಗಿಳಿಸಿ, ಯಾರೂ ಎತ್ತದಂತೆ ಟೇಪು ಹಚ್ಚಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ದೀಪ ಆರಿದರೂ ಕರೆಂಟ್ ಇದ್ದೇ ಇರುತ್ತದೆ.

ಆದರೆ ನಿಮ್ಮ ಪತ್ರದ ಮುಕ್ಕಾಲು ಪಾಲು ಕರೆಂಟಿನದ್ದಲ್ಲ, ಮೈದುನನ ಬೇಸರದ್ದು. ಕೂಲಿ ಪೂರ್ತಿ ತಗೊಳ್ಳದೆ ಮಾಡಿಕೊಟ್ಟವರನ್ನು ಹೇಗೆ ಕೇಳಲಿ ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಹೀಗೆ ಬಾಕ್ಸ್ ಇಲ್ಲದೆ ದೀಪ ಕೂರಿಸುವುದು ಎಷ್ಟೋ ಮನೆಗಳಲ್ಲಿ ಆಗುವುದೇ. ಪ್ಲಾಸ್ಟರ್ ಆಗುವಾಗ ಯಾವ ದೀಪ, ಎಲ್ಲಿ ಎಂದು ತೀರ್ಮಾನವಾಗಿರುವುದಿಲ್ಲ. ಪೇಂಟಿಂಗ್ ಮುಗಿದ ಮೇಲೆ ದೀಪ ತರುತ್ತೇವೆ. ಅಷ್ಟರಲ್ಲಿ ಬಾಕ್ಸ್ ಕೂರಿಸುವ ಹೊತ್ತು ಮೀರಿರುತ್ತದೆ. ತಪ್ಪು ಮೈದುನನದ್ದೇ ಎಂದು ಹೊರಿಸಬೇಕಾಗಿಲ್ಲ.

ಅವರೊಡನೆ ಮಾತಾಡುವಾಗ ಕೆಲಸದ ವಿಷಯವನ್ನಷ್ಟೇ ಎತ್ತಿ. "ಇಲ್ಲಿ ಒಂದು ಬಾಕ್ಸ್ ಕೂರಿಸಿ, ಅರ್ಥಿಂಗ್ ಎಳೆದುಕೊಡ್ತೀಯೇನಪ್ಪಾ, ಖರ್ಚು ನಮ್ಮದು" ಎಂದರೆ ಸಾಕು. ಎರಡೇ ವೈರು ಎಂದು ಬರೆದಿದ್ದೀರಿ. ಅರ್ಥಿಂಗಿನ ಹಸಿರು ವೈರು ಇಲ್ಲದಿದ್ದರೆ ಸೋರಿದ ಕರೆಂಟ್ ತಗಡಿನಲ್ಲೇ ಕಾದಿದ್ದು ಮುಟ್ಟಿದವರ ಮೈಯಿಂದ ಇಳಿಯುತ್ತದೆ. ನಮ್ಮ ಕಡೆಯ ಬೇಸಿಗೆಗೆ ಟೇಪಿನ ಅಂಟು ಬಿಟ್ಟುಹೋಗುತ್ತದೆ. ಬಾಕ್ಸ್ ಇದ್ದರೆ ಜಾಯಿಂಟು ಕನೆಕ್ಟರಿನಲ್ಲಿ ಬಿಗಿಯಾಗಿ ಕೂರುತ್ತದೆ, ದೀಪದ ಭಾರ ವೈರಿನ ಮೇಲೆ ಬೀಳುವುದಿಲ್ಲ, ನಾಳೆ ಬಿಚ್ಚಿ ನೋಡಲೂ ಬರುತ್ತದೆ. ಗೋಡೆಯಲ್ಲಿ ಅಂಗೈಯಷ್ಟು ಜಾಗ ಕೊರೆದು ಕೂರಿಸಿ ಸಿಮೆಂಟು ಮೆತ್ತಿದರೆ ಮುಗಿಯಿತು. ಸಂಡೂರು, ಕಮಲಾಪುರದ ಕಡೆ ಹಳೆಯ ಕಲ್ಲುಗೋಡೆಯ ಮನೆಯವರೂ ಇದನ್ನು ಓದುತ್ತಿರಬಹುದು: ಕೊರೆಯುವ ಹಟ ಬೇಡ, ಗೋಡೆಯ ಮೇಲೆಯೇ ಕೂರುವ ಬಾಕ್ಸ್ ಸಿಗುತ್ತದೆ. ಹೊರಗೋಡೆಗಾದರೆ ನೀರು ಇಳಿಯದಂಥದ್ದನ್ನು ಕೇಳಿ ತನ್ನಿ.

"ಎಂಸಿಬಿ ಇದೆಯಲ್ಲ" ಎನ್ನುತ್ತಾರೆ, ಅದು ಹೆಚ್ಚು ಲೋಡಿಗೆ, ಶಾರ್ಟಿಗೆ ಬೀಳುವುದು. ಮನುಷ್ಯರಿಗೆ ಹೊಡೆಯುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ, ಕರೆಂಟ್ ಸೋರಿದರೆ ಬೀಳುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಸೀರೆಯೊಂದರ ಖರ್ಚು ಕಡಿಮೆ ಮಾಡಿಯಾದರೂ ಇದನ್ನು ಬಿಡಬೇಡಿ ಎಂದೇ ಹೇಳುತ್ತೇನೆ.

ಮೈದುನ ಒಪ್ಪದಿದ್ದರೆ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆದು ಇಡೀ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೀಟರಿನ ಆಚೆಯ ತೊಂದರೆಗೆ ಜೆಸ್ಕಾಂನ 1912 ಇದೆ. ಒಳಗಿನ ವೈರಿಂಗ್ ನಮ್ಮದೇ ಹೊಣೆ. ನೀವಾಗಿ ಟೆಸ್ಟರ್ ಹಿಡಿದು ನೋಡಲು ಹೋಗಬೇಡಿ.

ಕೆಲಸ ಸರಿಯಾದ ಮೇಲೂ ಕೆಲವು ದಿನ ಆ ಗೋಡೆಯ ಕಡೆ ಕಣ್ಣು ಹೋಗಬಹುದು, ಅದು ಸಹಜ. ವಾರಗಳು ಕಳೆದರೂ ರಾತ್ರಿ ಎದ್ದೆದ್ದು ಸ್ವಿಚ್ ನೋಡುವಂತಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.