ಟಾರ್ಚು ದೀಪದ ಸಂರಕ್ಷಣೆ

ರಾತ್ರಿಯ ವೇಳೆ ಪೈರಿಗೆ ನೀರು ಹಾಯಿಸಲು ಬದುವಿನ ಮೇಲೆ ನಡೆಯುವವನಿಗೆ ಟಾರ್ಚು ದೀಪವು ಪ್ರಾಣರಕ್ಷಕವಾದ ಉಪಕರಣವು. ಕಟ್ಟುಹಾವು ವಿಶೇಷವಾಗಿ ರಾತ್ರಿಯಲ್ಲಿಯೇ ಸಂಚರಿಸುವುದು. ಅದು ಕಚ್ಚಿದುದು ಅನೇಕ ವೇಳೆ ನೋವಿನಿಂದ ತಿಳಿಯುವುದೇ ಇಲ್ಲ. ಕೊಳಕುಮಂಡಲವು ಒಣಗಿದ ಎಲೆಗಳ ನಡುವೆ ಅಲುಗದೆ ಮಲಗಿರುವುದು. ಆದುದರಿಂದ ಹೆಜ್ಜೆಯಿಡುವ ಮೊದಲು ಅಲ್ಲಿ ಬೆಳಕು ಬೀಳಬೇಕು. ಆದರೆ ದೀಪವು ಕೆಟ್ಟಿದೆಯೆಂಬುದು ಸಾಮಾನ್ಯವಾಗಿ ಗೊತ್ತಾಗುವುದು ಹೊಲದ ನಡುವೆಯೇ.

ಹಿಂದಿನ ಟಾರ್ಚುಗಳಲ್ಲಿ ಬಲ್ಬಿನ ತಂತಿಯು ಸುಟ್ಟುಹೋಗುತ್ತಿದ್ದಿತು. ಈಗಿನ ಎಲ್‌ಇಡಿ ದೀಪಗಳಲ್ಲಿ ಆ ತಂತಿಯೇ ಇಲ್ಲ. ಹೆಚ್ಚಾಗಿ ಕೆಡತಕ್ಕವು ಸೆಲ್ಲು, ಸ್ಪ್ರಿಂಗು ಮತ್ತು ಸ್ವಿಚ್ಚು. 1.5 ವೋಲ್ಟಿನ ಸಾಧಾರಣ ಸೆಲ್ಲಿನ ಒಳಡಬ್ಬಿಯು ಸತುವಿನದು. ವಿದ್ಯುತ್ತನ್ನು ಕೊಡುತ್ತಾ ಆ ಸತುವೇ ಸವೆಯುವುದು. ಕಡೆಗೆ ತೂತು ಬಿದ್ದು, ಒಳಗಿನ ದ್ರವವು ಸೋರಿ ಸ್ಪ್ರಿಂಗನ್ನು ತಿನ್ನುವುದು.

ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಸೆಲ್ಲುಗಳನ್ನು ಎಲ್ಲವನ್ನೂ ಒಂದೇ ಸಲ ಬದಲಾಯಿಸಬೇಕು. ಹಳೆಯದನ್ನು ಹೊಸದರೊಡನೆ ಸೇರಿಸಿದರೆ ಹಳೆಯದು ಬೇಗನೆ ಬರಿದಾಗಿ ಸೋರುವುದು.

2. ಬಹುದಿನ ಉಪಯೋಗಿಸದ ಟಾರ್ಚಿನಿಂದ ಸೆಲ್ಲುಗಳನ್ನು ತೆಗೆದಿಡಬೇಕು.

3. ಆಲ್ಕಲೈನ್ ಸೆಲ್ಲು ಸೋರಿ ಬಿಳಿಯ ಪುಡಿ ಕಟ್ಟಿದ್ದರೆ, ಬರಿಗೈಯಿಂದ ಮುಟ್ಟದೆ, ಸೆಲ್ಲನ್ನು ತೆಗೆದು, ನಿಂಬೆಯ ರಸದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪುನಃ ಒದ್ದೆಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು.

4. ಚಾರ್ಜು ಮಾಡುವ ಟಾರ್ಚಿನಲ್ಲಿ ಸೀಸದ ಬ್ಯಾಟರಿಯಿದ್ದರೆ ಅದನ್ನು ಬರಿದಾಗಿ ಬಿಡಲಾಗದು. ಉಪಯೋಗಿಸಿದ ಕೂಡಲೇ ಚಾರ್ಜು ಮಾಡಬೇಕು. ಲಿಥಿಯಂ ಬ್ಯಾಟರಿಯನ್ನು ಬಿಸಿಲಿನಲ್ಲಿ ಇಡಲಾಗದು; ಉಬ್ಬಿದುದನ್ನು ಎಂದಿಗೂ ಚಾರ್ಜು ಮಾಡಲಾಗದು.

5. ಮಳೆಗಾಲದಲ್ಲಿ ಮುಚ್ಚಳದ ರಬ್ಬರು ಬಳೆಗೆ ಅಂಟಿದ ಮಣ್ಣನ್ನು ಒರೆಸಬೇಕು. ಮರಳಿನ ಒಂದು ಕಣವಿದ್ದರೂ ನೀರು ಒಳಹೋಗುವುದು.

ಪರೀಕ್ಷೆಯ ಕ್ರಮವು ಬಹು ಮುಖ್ಯವಾದುದು. ಸವೆದ ಸೆಲ್ಲು ಹಗಲೆಲ್ಲಾ ವಿಶ್ರಾಂತಿ ಪಡೆದು ಸ್ವಲ್ಪ ಚೇತರಿಸಿಕೊಳ್ಳುವುದು. ಒಂದು ಕ್ಷಣ ಹೊತ್ತಿಸಿ ನೋಡಿದರೆ ಪ್ರಕಾಶವಾಗಿಯೇ ಕಾಣುವುದು, ಅನಂತರ ಮಂಕಾಗುವುದು. ಆದುದರಿಂದ ಪ್ರತಿದಿನ ಸೂರ್ಯಾಸ್ತಕ್ಕೆ ಮೊದಲೇ ಟಾರ್ಚನ್ನು ಕೆಲವು ನಿಮಿಷ ಬೆಳಗಿಸಿಟ್ಟು ನೋಡಬೇಕು. ಅಂಗೈಗೆ ಮೆಲ್ಲಗೆ ತಟ್ಟಿದಾಗ ಬೆಳಕು ಮಿನುಗಿದರೆ ಸ್ಪ್ರಿಂಗು ಅಥವಾ ಸ್ವಿಚ್ಚು ಸಡಿಲವಾಗಿದೆಯೆಂದು ತಿಳಿಯಬೇಕು.

ಅನೇಕ ಮನೆಗಳಲ್ಲಿ ಒಳ್ಳೆಯ ಟಾರ್ಚು ಯಜಮಾನರ ಕೋಣೆಯಲ್ಲಿಯೂ, ಮಂಕಾದುದು ನೀರು ಕಟ್ಟುವ ಆಳಿನ ಕೈಯಲ್ಲಿಯೂ ಇರುವುದುಂಟು. ಅಪಾಯವಿರುವುದು ಬದುವಿನ ಮೇಲೆ. ಒಳ್ಳೆಯ ದೀಪವೂ ಅಲ್ಲಿಯೇ ಇರತಕ್ಕದ್ದು. ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯದಲ್ಲಿ ತಾವೇ ಮೊದಲಿಗರಾಗಿ ನಡೆದು ತೋರಿಸುವರೆಂದು ನಂಬಲಾಗಿದೆ.