ನಲವತ್ತು ದಿನದ ಬಾಣಂತನ

ಮಗಳೇ,

ಲಿಂಗ ದೃಢೀಕರಣದ ಆಪರೇಷನ್ ಮುಗಿಸಿಕೊಂಡು ತೊಗರ್ಸಿಗೆ ಬರುತ್ತೀಯಂತೆ. ಹೆತ್ತವಳು ತವರಿಗೆ ಬಂದರೆ ಏನು ಮಾಡಬೇಕೆಂದು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಂಡೆಗೆ ನೀರು ಬೀಳುತ್ತದೆ, ಮೆಣಸಿನ ಸಾರು ಕುದಿಯುತ್ತದೆ, ಒಂದು ಕೋಣೆ ಖಾಲಿಯಾಗುತ್ತದೆ. ನಿನ್ನಂಥವಳು ಬಂದರೆ ಮಾತ್ರ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ದಾದಿಯಾಗಿ ಮೂವತ್ತು ವರ್ಷ ಗಾಯ ನೋಡಿದವಳು ನಾನು. ಇದನ್ನೂ ಬಾಣಂತನವೆಂದೇ ತಿಳಿ.

ಈ ಹೋಲಿಕೆ ನನ್ನದಲ್ಲ. ಹಿಜಡಾ ಜಮಾತುಗಳಲ್ಲಿ ನಿರ್ವಾಣವಾದವಳನ್ನು, ಅಂದರೆ ಗಂಡಿನ ಅಂಗ ತೆಗೆಸಿಕೊಂಡವಳನ್ನು, ನಲವತ್ತು ದಿನ ಮನೆಯೊಳಗಿಟ್ಟು ನೋಡಿಕೊಳ್ಳುವ ರೂಢಿಯಿದೆ. ನಲವತ್ತನೆಯ ದಿನ ಅರಿಶಿನ ಹಚ್ಚಿ ಶಾಸ್ತ್ರ ಮಾಡುತ್ತಾರೆ. ಆ ಜಮಾತಿನಲ್ಲೇ ಬಾಳಿದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿದೆ, ನಾಟಕವೂ ಆಗಿದೆ. ಮಲಗಿರುವಾಗ ಓದು. ಈಗಿನ ಸರ್ಜನ್‌ಗಳು ಹೇಳುವ ಆರು ವಾರವೂ ಹೆಚ್ಚುಕಡಿಮೆ ಅದೇ ಲೆಕ್ಕ.

ಮೊದಲನೆಯದು, ಅವಸರಪಟ್ಟು ಊರಿಗೆ ಹೊರಡಬೇಡ. ಯೋನಿ ರಚನೆಯ ಶಸ್ತ್ರಚಿಕಿತ್ಸೆಯಾದರೆ ಒಳಗೆ ತುಂಬಿದ ಪ್ಯಾಕಿಂಗನ್ನೂ ಮೂತ್ರದ ನಳಿಕೆಯನ್ನೂ ಸಾಮಾನ್ಯವಾಗಿ ಒಂದು ವಾರದ ಸುಮಾರಿಗೆ ತೆಗೆಯುತ್ತಾರೆ. ಅಲ್ಲಿಯವರೆಗೆ, ಸಾಧ್ಯವಾದರೆ ಇನ್ನೂ ಕೆಲವು ದಿನ, ಆಸ್ಪತ್ರೆಯ ಹತ್ತಿರವೇ ಇರು. ರಾತ್ರಿ ಬಸ್ಸಿನ ಕುಲುಕಾಟ ಹಸಿ ಹೊಲಿಗೆಗೆ ಆಗದು. ಬರುವಾಗ ಡಿಸ್ಚಾರ್ಜ್ ಕಾಗದದ ಫೋಟೊ ಮೊಬೈಲಿನಲ್ಲಿರಲಿ.

ಬಾಣಂತನದಲ್ಲಿ ಇಟ್ಟುಕೊಳ್ಳುವುದು ಒಂದೇ: ನೀನು ಮಲಗಿರು, ಉಳಿದವರು ಮಾಡಲಿ. ಬಿಡುವುದು ಬಹಳ. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಹಳೇ ಪಥ್ಯ ಬಾಣಂತಿಗೇ ಒಳ್ಳೆಯದಲ್ಲ, ನಿನಗಂತೂ ಬೇಡವೇ ಬೇಡ. ನೀರು ಕಡಿಮೆಯಾದರೆ ಮೂತ್ರ ಉರಿಯುತ್ತದೆ, ಮಲ ಕಟ್ಟುತ್ತದೆ. ತಿಣುಕಿದರೆ ಹೊಲಿಗೆಗೆ ಏಟು. ಸೊಪ್ಪು, ಹಣ್ಣು, ವೈದ್ಯರು ಕೊಟ್ಟ ಮಲ ಸಡಿಲಿಸುವ ಔಷಧಿ ತಪ್ಪಿಸಬೇಡ. ಕೆಂಡದ ಕಾವೂ ಬೇಡ. ಗಾಯದ ಸುತ್ತ ಸ್ಪರ್ಶ ಮಂದವಾಗಿರುತ್ತದೆ, ಚರ್ಮ ಸುಟ್ಟರೂ ತಿಳಿಯದು. ಎಣ್ಣೆ, ಅರಿಶಿನ, ನಾಟಿ ಲೇಪ ಯಾವುದನ್ನೂ ಗಾಯಕ್ಕೆ ತಾಗಿಸಬೇಡ. ಅಡಿಕೆ ಸೀಮೆಯವರಿಗೆ ಇನ್ನೊಂದು ಮಾತು: ಕವಳದ ಜೊತೆಗಿನ ಹೊಗೆಸೊಪ್ಪು, ಗುಟ್ಕಾ, ಬೀಡಿ ಎಲ್ಲ ದೂರ. ನಿಕೋಟಿನ್ ರಕ್ತನಾಳವನ್ನು ಕಿರಿದಾಗಿಸುತ್ತದೆ. ರಕ್ತ ಹರಿಯದೆ ಗಾಯ ಕೂಡದು.

ಯೋನಿಯ ದಾರಿ ತೆರೆದಿಡುವ ಡೈಲೇಟರ್ ಕೊಟ್ಟಿದ್ದರೆ ಅದು ಊಟದಷ್ಟೇ ನಿತ್ಯದ್ದು. ಹೊಸ ದಾರಿಯನ್ನು ದೇಹ ಗಾಯವೆಂದೇ ತಿಳಿದು ಮುಚ್ಚಲು ನೋಡುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಎರಡು ಮೂರು ಸಲ, ವೈದ್ಯರು ಹೇಳಿದಷ್ಟು ಹೊತ್ತು ಬಳಸಬೇಕು. ಕೈ ತೊಳೆದುಕೊ, ನೀರಿನಂಶದ ಜೆಲ್ ಹಚ್ಚು, ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ. ಆ ಹೊತ್ತಿಗೆ ಕದ ಹಾಕಿಕೊಳ್ಳಲು ಒಂದು ಕೋಣೆ ಬೇಕೆಂದು ಮನೆಯವರಿಗೆ ಮೊದಲೇ ಹೇಳು. ನಾಚಿಕೆಗೆ ಒಂದು ವಾರ ಬಿಟ್ಟರೆ ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಕಷ್ಟ. ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಟ್ರಾನ್ಸ್ ಗಂಡುಮಕ್ಕಳಿಗೂ ಇಷ್ಟು ಹೇಳು: ಒತ್ತು ಬಟ್ಟೆ ಬಿಚ್ಚಬೇಡಿ, ಅಟ್ಟದ ಮೇಲಿನದಕ್ಕೆ ಕೈ ಚಾಚಬೇಡಿ.

ಎರಡು ಮೂರನೆಯ ವಾರದಲ್ಲಿ ಅಳು ಬರಬಹುದು. ನೋವು, ನಿದ್ದೆಗೇಡು, ನಿಲ್ಲಿಸಿದ ಹಾರ್ಮೋನು, ಬಂದು ನೋಡದ ಜನ, ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ‘ತಪ್ಪು ಮಾಡಿದೆನೇ’ ಎಂದೂ ಅನ್ನಿಸೀತು. ಬಾಣಂತಿಯರೂ ಹೀಗೆ ಅಳುವುದನ್ನು ನೋಡಿದ್ದೇನೆ, ಮಗು ಬೇಡವೆಂದು ಅಲ್ಲ. ಅಳು ನಿಲ್ಲದಿದ್ದರೆ, ಸಾಯುವ ಯೋಚನೆ ಬಂದರೆ, ಅದೇ ದಿನ ವೈದ್ಯರಿಗೆ ಹೇಳು. ಜಮಾತಿನಲ್ಲಿ ಆ ನಲವತ್ತು ದಿನ ಕನ್ನಡಿ ನೋಡಬಾರದೆಂಬ ಕಟ್ಟಳೆಯಿದೆ. ಅದರಲ್ಲಿ ಅರ್ಧ ಒಪ್ಪುತ್ತೇನೆ. ಗಾಯಕ್ಕಾಗಿ ದಿನಾ ಕೈಗನ್ನಡಿ ಹಿಡಿ, ರೂಪಕ್ಕಾಗಿ ಹಿಡಿಯಬೇಡ. ಈಗ ಕಾಣುವುದು ಬಾವು, ಅದು ಪೂರ್ತಿ ಇಳಿಯಲು ತಿಂಗಳುಗಳು ಬೇಕು. ರೂಪದಿಂದಲೇ ಹೆಣ್ಣಾಗುವುದೂ ಅಲ್ಲ: ಸೊರಬದ ಚಂದ್ರಗುತ್ತಿ ರೇಣುಕಾಂಬೆಯನ್ನು ನೆನೆಯುವ ಜೋಗಪ್ಪಂದಿರಲ್ಲಿ ಹೆಚ್ಚಿನವರು ಕತ್ತಿ ತಾಗಿಸದೆಯೇ ಅಮ್ಮನವರಾದವರು. ಲಿಂಗ ಗುರುತಿಗೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ ಎಂದು 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟೇ ಹೇಳಿತ್ತು. ಹೊಲಿಗೆ ಚೆನ್ನಾಗಿ ಬಂತೋ ಇಲ್ಲವೋ, ನೀನು ಯಾರೆಂಬುದು ಅದರ ಮೇಲೆ ನಿಂತಿಲ್ಲ.

ಸ್ವಲ್ಪ ರಕ್ತ, ಹಳದಿ ಸ್ರಾವ, ಚಳುಕು ನೋವಿಗೆ ಹೆದರಬೇಡ. ಆದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಗಂಟೆಯೊಳಗೆ ಪ್ಯಾಡ್ ನೆನೆಯುವ ರಕ್ತ, ಮೂತ್ರ ಕಟ್ಟಿಕೊಳ್ಳುವುದು, ಯೋನಿಯಿಂದ ಮಲ ಅಥವಾ ಗಾಳಿ, ಒಂದೇ ಮೀನಖಂಡದ ಊತ ಕಂಡರೆ ಸರ್ಜನ್‌ಗೆ ಫೋನ್ ಮಾಡುತ್ತಲೇ ಗಾಡಿ ಹತ್ತು. ಎದೆನೋವು, ಉಸಿರುಗಟ್ಟುವಿಕೆ ಬಂದರೆ 108ಕ್ಕೆ ಕರೆ ಮಾಡು. ಬೆಳಗಾಗಲಿ ಎನ್ನಬೇಡ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಾಗಲಿ, ಎಲ್ಲೇ ಆಗಲಿ, ಯಾವ ಆಪರೇಷನ್ ಆಗಿದೆಯೆಂದು ಮುಚ್ಚಿಡದೆ ಹೇಳು. ವೈದ್ಯರ ಮುಂದೆ ಮುಚ್ಚಿಟ್ಟದ್ದು ಗಾಯದಲ್ಲಿ ಕೀವಾಗುತ್ತದೆ.

ನಲವತ್ತು ಕಳೆದ ಮೇಲೆ, ವೈದ್ಯರು ಹೂಂ ಎಂದರೆ, ಹೊಸ ಸೀರೆ ಉಟ್ಟು ನಮ್ಮೂರ ಮಲ್ಲಿಕಾರ್ಜುನನ ಗುಡಿಗೆ ಹೋಗಿಬರೋಣ. ಅಲ್ಲಿಯವರೆಗೆ ಯಾರು ಏನೇ ಅನ್ನಲಿ, ಕೊಡಪಾನ ಎತ್ತಬೇಡ.