ಪೆನ್ ಟ್ಯಾಬ್ಲೆಟ್ ಬಂತು, ಕೈ ನಿಂತಿತು

ಪ್ರಶ್ನೆ: ನಾನು ಸಾಗರದ ಪದವಿ ವಿದ್ಯಾರ್ಥಿನಿ. ಕಾಗದದ ಮೇಲೆ ಚೆನ್ನಾಗಿಯೇ ಚಿತ್ರ ಬಿಡಿಸುತ್ತಿದ್ದೆ. ಆರು ತಿಂಗಳ ಹಿಂದೆ ಪೆನ್ ಟ್ಯಾಬ್ಲೆಟ್ ಕೊಂಡೆ. ಗೆರೆ ನಡುಗುತ್ತದೆ, ಏನು ಬಿಡಿಸಬೇಕೆಂದೂ ಹೊಳೆಯುವುದಿಲ್ಲ. ಇನ್‌ಸ್ಟಾಗ್ರಾಂ ನೋಡಿದಷ್ಟೂ ಕೀಳರಿಮೆ. ನನಗಿದು ಒಗ್ಗುವುದಿಲ್ಲವೇ?

ಉತ್ತರ: ಖಂಡಿತ ಒಗ್ಗುತ್ತದೆ. ಕಾಗದದಲ್ಲಿ ಕೈ ಇರುವಲ್ಲೇ ಕಣ್ಣೂ ಇರುತ್ತದೆ. ಪರದೆಯಿಲ್ಲದ ಟ್ಯಾಬ್ಲೆಟ್‌ನಲ್ಲಿ ಕೈ ಮೇಜಿನ ಮೇಲೆ, ಕಣ್ಣು ಕಂಪ್ಯೂಟರ್ ಮೇಲೆ. ಇವೆರಡೂ ಹೊಂದಿಕೊಳ್ಳಲು ಸಮಯ ಬೇಕು. ದಿನಾ ಹತ್ತು ನಿಮಿಷ ಬರೀ ಗೆರೆ, ವೃತ್ತ ಎಳೆಯಿರಿ. ಉದ್ದ ಗೆರೆಗೆ ಮಣಿಕಟ್ಟಲ್ಲ, ಇಡೀ ತೋಳು ಆಡಲಿ. ಉಚಿತವಾಗಿ ಸಿಗುವ ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನಡುಕ ತಗ್ಗಿಸುವ ಸ್ಟೆಬಿಲೈಸರ್ ಇದೆ. ಬಳಸಿ, ಆದರೆ ಅದನ್ನೇ ಊರುಗೋಲು ಮಾಡಿಕೊಳ್ಳಬೇಡಿ. ಸದ್ಯಕ್ಕೆ ಎರಡೇ ಬ್ರಷ್ ಸಾಕು.

ಇನ್ನು ಸ್ಫೂರ್ತಿ. ಅದಕ್ಕೆ ಫೋನ್ ಯಾಕೆ? ನಿಮ್ಮ ಸೀಮೆಯಲ್ಲೇ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಚಿತ್ತಾರವಿದೆ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕಪ್ಪಾದ ಅಕ್ಕಿ, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಇಷ್ಟರಲ್ಲೇ ಗೋಡೆ ತುಂಬುತ್ತದೆ. ಲಕ್ಷಾಂತರ ಬಣ್ಣ ಬೆರಳ ತುದಿಯಲ್ಲಿರುವ ನೀವು ಒಂದು ವಾರ ಈ ನಾಲ್ಕರಲ್ಲೇ ಚಿತ್ರ ಮಾಡಿ ನೋಡಿ. ಆಯ್ಕೆ ಕಡಿಮೆಯಾದಾಗ ಕಲ್ಪನೆ ಚುರುಕಾಗುತ್ತದೆ. ಸಾಧ್ಯವಾದರೆ ಬರೆಯುವವರ ಬಳಿ ಕೂತು ಕೇಳಿ ಕಲಿಯಿರಿ. ಅವರ ವಿನ್ಯಾಸ ಬಳಸಿದರೆ ಮೂಲ ಹೇಳಿ.

ಹಳೆಯ ಕಾಗದ, ಪೆನ್ಸಿಲ್ ಬಿಡಬೇಡಿ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಗೀಚಿದ್ದನ್ನು ಮನೆಗೆ ತಂದು ಫೋಟೊ ತೆಗೆದು, ಮೇಲೊಂದು ಲೇಯರ್ ಹಾಕಿ ತಿದ್ದಿ. ಪ್ರತಿ ಚಿತ್ರಕ್ಕೂ ದಿನಾಂಕ ಬರೆಯಿರಿ. ಹೋಲಿಸಲೇಬೇಕೆಂದರೆ, ಆರು ತಿಂಗಳ ಹಿಂದಿನ ನಿಮ್ಮ ಗೆರೆಯೊಂದಿಗೇ ಹೋಲಿಸಿಕೊಳ್ಳಿ.